ಲೆಕ್ಕಕ್ಕಿಲ್ಲದ ಫೋಟೋ

ಉಸಿರಣ್ಣ ಎನ್ನುವುದು ಅವರಿಗೆ ತಂದೆತಾಯಿ ಇಟ್ಟ ಹೆಸರಲ್ಲ. ಹಾಡುವವರು, ನುಡಿಸುವವರು, ಬಾರಿಸುವವರು ಸೇರಿಕೊಂಡು ಇಟ್ಟದ್ದು. ಕ್ಯಾಮೆರಾದ ಹಿಂದೆ ನಿಂತು ಅವರು ಹೇಳುತ್ತಿದ್ದದ್ದು ಒಂದೇ ಮಾತು, "ಉಸಿರು ಬಿಡಿ." ನಗಿ ಎನ್ನುತ್ತಿರಲಿಲ್ಲ, ಈ ಕಡೆ ನೋಡಿ ಎನ್ನುತ್ತಿರಲಿಲ್ಲ. ಎದುರಿಗೆ ಕೂತವರಿಂದ ಒಂದೆರಡು ಸಾಲು ಹಾಡಿಸಿ, ಹಾಡು ನಿಂತು ಎದೆಯೊಳಗಿನ ಗಾಳಿ ಹೊರಗೆ ಹೋಗುವಾಗ ಕ್ಲಿಕ್ ಮಾಡುತ್ತಿದ್ದರು. "ಊರಿನವರಿಗೆಲ್ಲ ಉಸಿರು ಬಿಡಿಸ್ತಾರೆ, ಮನೇಲಿ ನನಗೊಬ್ಬಳಿಗೆ ಅದಕ್ಕೆ ಪುರುಸೊತ್ತಿಲ್ಲ" ಎಂದು ಅವರ ಹೆಂಡತಿ ಬಂದವರ ಮುಂದೆಲ್ಲ ಹೇಳಿ ನಗಿಸುತ್ತಿದ್ದರು. ಆಕೆ ಮತ್ತು ನಾನು ಸಂಜೆಯ ಪ್ರಾರ್ಥನೆಗೆ ಒಟ್ಟಿಗೆ ನಡೆದು ಹೋಗುವವರು. ಇಲ್ಲಿ ಬರೆದಿರುವುದರಲ್ಲಿ ಹೆಚ್ಚಿನದು ಆ ದಾರಿಯಲ್ಲಿ ಕೇಳಿದ್ದು. ಉಳಿದದ್ದನ್ನು ಉಸಿರಣ್ಣನೇ ಹೇಳಿದರು.

ಅವರ ತಂದೆ ಬಸ್ ಓಡಿಸುತ್ತಿದ್ದರು. ಮಗ ಫ್ಯಾನಿನ ಕೆಳಗೆ ಕೂತು ಸಹಿ ಹಾಕುವ ಕೆಲಸ ಹಿಡಿಯಲಿ ಎಂದು ಅವರ ಆಸೆ. ಮಗ ಹಿಡಿದದ್ದು ಪಾಸ್‌ಪೋರ್ಟ್ ಫೋಟೋ ತೆಗೆಯುವ ಅಂಗಡಿಯಲ್ಲಿ ದೀಪದ ಬೆಳಕು ಹರಡುವ ಕೊಡೆ. ಒಂದು ಸಲ ಅಂಗಡಿಯ ಯಜಮಾನ ಜ್ವರ ಬಂದು ಮಲಗಿದಾಗ ಒಂದು ಸಂಗೀತ ಕಛೇರಿಗೆ ಇವರನ್ನೇ ಕಳಿಸಿದ. ಅಲ್ಲಿ ಹೋಗಿ ನೋಡಿದರೆ ಹಾಡುತ್ತಿದ್ದ ಹುಡುಗಿಯ ಬಾಯಿಗೆ ಅಡ್ಡವಾಗಿ ಮೈಕು. ಎಡಕ್ಕೆ ಹೋದರೂ ಮೈಕು, ಬಲಕ್ಕೆ ಬಂದರೂ ಮೈಕು. ಹಾಡು ಮುಗಿಯುವವರೆಗೆ ಬೆಪ್ಪನಂತೆ ನಿಂತಿದ್ದರು. ಹಾಡು ಮುಗಿದು ಆಕೆ ಒಂದು ಹೆಜ್ಜೆ ಹಿಂದೆ ಸರಿದು ಉಸಿರು ಬಿಟ್ಟಾಗ ಮುಖ ಮೊದಲ ಸಲ ಪೂರ್ತಿ ಕಂಡಿತು. ಆಗ ತೆಗೆದ ಫೋಟೋವನ್ನು ಕೇಳಿಕೊಂಡು ಆ ಹುಡುಗಿ ಅಂಗಡಿಗೆ ಬಂದಳು. "ಹಾಡುವಾಗ ನನ್ನ ಮುಖ ಜಗಳ ಆಡೋರ ಹಾಗಿರುತ್ತೆ. ಇದೊಂದು ಪರವಾಗಿಲ್ಲ" ಎಂದಳು. ಮುಂದೆ ಆಕೆಯ ಹೆಸರು ಮನೆಮನೆಗೂ ಗೊತ್ತಾಯಿತು. ಆಕೆಯ ಕ್ಯಾಸೆಟ್ಟಿನ ಮೇಲೆ, ಆಮೇಲೆ ಸಿ.ಡಿ.ಯ ಮೇಲೆ, ಗೋಡೆಯ ಪೋಸ್ಟರಿನ ಮೇಲೆ ಇದ್ದದ್ದೆಲ್ಲ ಉಸಿರಣ್ಣನ ಫೋಟೋಗಳೇ. ಆಕೆ ಇವರನ್ನು ತಮ್ಮ ಎನ್ನುತ್ತಿದ್ದರು, ಇವರು ಅಕ್ಕ ಎನ್ನುತ್ತಿದ್ದರು.

ಸೈಕಲ್ ಅಂಗಡಿಯ ಮೇಲಿನ ಎರಡು ಕೋಣೆಗಳೇ ಅವರ ಸ್ಟುಡಿಯೋ. ಮೆಟ್ಟಿಲು ಎಷ್ಟು ಇಕ್ಕಟ್ಟೆಂದರೆ ದೊಡ್ಡ ವಾದ್ಯಗಳ ಪೆಟ್ಟಿಗೆ ತಿರುವಿನಲ್ಲಿ ಸಿಕ್ಕಿಬಿದ್ದು, ಸೈಕಲ್ ಅಂಗಡಿಯವನು ಕೆಳಗಿನಿಂದ ತಳ್ಳಬೇಕಾಗುತ್ತಿತ್ತು. ಮುಂದಿನ ಕೋಣೆಯಲ್ಲಿ ಒಂದು ದೊಡ್ಡ ಕಿಟಕಿ, ಅದಕ್ಕೆ ಬಿಳಿ ಬಟ್ಟೆ, ಒರಗು ಇಲ್ಲದ ಸ್ಟೂಲು. ಒರಗಿಕೊಂಡರೆ ಎದೆ ಕುಗ್ಗುತ್ತದೆ ಎಂದು ಕುರ್ಚಿ ಇಡುತ್ತಿರಲಿಲ್ಲ. ಒಳಗಿನ ಕೋಣೆಯಲ್ಲಿ ಕಂಪ್ಯೂಟರಿನ ಮುಂದೆ ಅವರ ಭಾವಮೈದುನ, ಎಂದರೆ ಹೆಂಡತಿಯ ತಮ್ಮ. ನಲವತ್ತು ದಾಟಿದ, ಕಡಿಮೆ ಮಾತಿನ ಮನುಷ್ಯ. ಫೋಟೋದ ಮೇಲಿನ ಕಲೆ, ಗೀರು, ಕಣ್ಣಿನ ಕೆಳಗಿನ ಆಯಾಸ ತಿದ್ದುವುದು ಅವನ ಕೆಲಸ.

ಸಂಗೀತದವರನ್ನು ನೋಡಿ ಸಿನಿಮಾದವರೂ ಬರತೊಡಗಿದರು. ಅವರ ಕಾಟವೇ ಬೇರೆ. "ಉಸಿರು ಬಿಡಿ ಅಂದ್ರೆ ಉಸಿರು ಬಿಟ್ಟ ಹಾಗೆ ನಟಿಸ್ತಾರೆ" ಎಂದು ಉಸಿರಣ್ಣ ತಲೆ ಚಚ್ಚಿಕೊಳ್ಳುತ್ತಿದ್ದರು. ಆದರೂ ಬರುವವರು ಬರುತ್ತಲೇ ಇದ್ದರು. ಅದಕ್ಕೆ ಕಾರಣ ಫೋಟೋ ಚೆನ್ನಾಗಿ ಬರುತ್ತದೆ ಎನ್ನುವುದೊಂದೇ ಅಲ್ಲ. ಕೂತವರಿಗೆ ಇಷ್ಟವಾಗದ ಫೋಟೋವನ್ನು ಅವರ ಕಣ್ಣೆದುರಿಗೇ ಅಳಿಸಿಹಾಕುವ ನಿಯಮ ಆ ಸ್ಟುಡಿಯೋದಲ್ಲಿತ್ತು. ಹೆಸರು ಮಾಡಿದವರಿಗೆ ತಮ್ಮ ಮುಖದ ಬಗ್ಗೆ ಎಂಥ ಭಯ ಇರುತ್ತದೆ ಎನ್ನುವುದು ನಮಗೆ ಗೊತ್ತಾಗುವುದಿಲ್ಲ. ಆ ಮೆಟ್ಟಿಲು ಹತ್ತಿದರೆ ಮುಖಕ್ಕೆ ಮೋಸವಿಲ್ಲ ಎಂಬ ಮಾತೇ ಉಸಿರಣ್ಣನ ಬದುಕಿನ ಸಂಪಾದನೆ. ಅದೊಂದು ಹೋದರೆ ಕ್ಯಾಮೆರಾ ಮಾರಿ ಮನೆಯಲ್ಲಿ ಕೂರಬೇಕಾಗಿತ್ತು.

ಉಸಿರಣ್ಣ ಅಕ್ಕ ಎನ್ನುತ್ತಿದ್ದ ಆ ಗಾಯಕಿಗೆ ಕಳೆದ ವರ್ಷ ಒಂದು ಕಾಯಿಲೆ ಬಂತು. ಮುಖದ ಬಲಭಾಗ ಸೋತಿತು. ಗುಣವಾಯಿತು, ಹಾಡಿಗೆ ಏನೂ ತೊಂದರೆಯಾಗಲಿಲ್ಲ. ಆದರೆ ಮೈಮರೆತು ಕೂತಾಗ ಬಾಯಿಯ ಬಲತುದಿ ಚೂರು ಜೋತು ಬೀಳುತ್ತಿತ್ತು. ಎಚ್ಚರವಾಗಿ ಇಟ್ಟುಕೊಂಡರೆ ಯಾರಿಗೂ ತಿಳಿಯುತ್ತಿರಲಿಲ್ಲ. ಈ ಸಂಗತಿ ಗೊತ್ತಿದ್ದದ್ದು ಗಾಯಕಿಗೆ, ಆಕೆಯ ವ್ಯವಹಾರವನ್ನೆಲ್ಲ ನೋಡಿಕೊಳ್ಳುವ ಸೊಸೆಗೆ, ಉಸಿರಣ್ಣನಿಗೆ, ಫೋಟೋ ತಿದ್ದುವ ಭಾವಮೈದುನನಿಗೆ. ಹೊಸ ಆಲ್ಬಮ್ಮಿಗಾಗಿ ಫೋಟೋ ತೆಗೆದದ್ದೂ ಆಯಿತು, ಎಲ್ಲರಿಗೂ ಒಪ್ಪಿಗೆಯೂ ಆಯಿತು. ಅಷ್ಟರಲ್ಲಿ ಒಂದು ವಾರಪತ್ರಿಕೆಯ ಮುಖಪುಟದಲ್ಲಿ ಗಾಯಕಿಯ ಜೋತ ಬಾಯಿ ಅಂಗೈ ಅಗಲ ಅಚ್ಚಾಗಿ ಬಂತು. ಕೆಳಗೆ, ಇನ್ನು ಇವರು ಹಾಡುವರೇ ಎಂಬ ಪ್ರಶ್ನೆ. ದೊಡ್ಡ ಕಛೇರಿಯೊಂದನ್ನು ಏರ್ಪಾಡು ಮಾಡಿದ್ದವರು ಅಂದೇ ಫೋನ್ ಮಾಡಿ, ಸ್ವಲ್ಪ ಯೋಚನೆ ಮಾಡೋಣ ಎಂದರಂತೆ.

ಸೊಸೆ ಪತ್ರಿಕೆ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದರು. ಕೂರಿ ಎಂದರೆ ಕೂರಲಿಲ್ಲ.

"ಹಿಂದೆ ಕಾಣ್ತಿರೋ ಬಟ್ಟೆ ಯಾರದು?"

ಉಸಿರಣ್ಣ ನೋಡಿದರು. ಕಿಟಕಿಯ ಬಿಳಿ ಬಟ್ಟೆ. ತಮ್ಮದೇ.

"ಸೊಟ್ಟಗಿದೆ, ಮೇಲೆ ಬೆಳಕು ಹೊಳೀತಿದೆ. ನೀವು ತೆಗೆದ ಫೋಟೋನ ಯಾರೋ ಫೋನಲ್ಲಿ ಹೊಡ್ಕೊಂಡಿದಾರೆ" ಎಂದರು ಸೊಸೆ. "ಗೊತ್ತಿದ್ದದ್ದು ನಾಲ್ಕು ಜನಕ್ಕೆ. ನಮ್ಮತ್ತೆ ತಮ್ಮ ಮುಖಾನ ತಾವೇ ಪೇಪರಿಗೆ ಕೊಡ್ಲಿಲ್ಲ. ನಾನು ಕೊಟ್ಟೆ ಅಂತ ಬೇಕಾದ್ರೆ ಅನ್ನಿ, ಕೇಳಿಸ್ಕೋತೀನಿ."

"ಅಯ್ಯೋ, ಎಂಥ ಮಾತು ತಾಯಿ."

"ಹಾಗಾದ್ರೆ ನಿಮ್ಮ ಮನೆ ಒಳಗೇ ಹುಡುಕಿ. ಅಲ್ಲೀವರೆಗೆ ನಮ್ಮ ಮನೆ ಕಡೆ ತಲೆ ಹಾಕ್ಬೇಡಿ."

ಒಳಗಿನ ಕೋಣೆಯ ಕುರ್ಚಿ ಕಿರ್ರೆಂದಿತು. ಭಾವಮೈದುನ ಎಲ್ಲವನ್ನೂ ಕೇಳಿಸಿಕೊಂಡಿದ್ದ, ಆದರೆ ಹೊರಗೆ ಬರಲಿಲ್ಲ. ಯಾಕೆ ಬರಲಿಲ್ಲ ಎಂಬ ಹುಳ ಉಸಿರಣ್ಣನ ತಲೆಯನ್ನು ಹೊಕ್ಕದ್ದು ಆಗಲೇ.

ಅನುಮಾನ ಒಳಗೆ ಬಂದ ಮೇಲೆ ನೋಡಿದ್ದೆಲ್ಲ ಸಾಕ್ಷಿಯೇ. ಭಾವಮೈದುನನ ಕೈಯಲ್ಲಿ ಹೊಸ ಫೋನಿತ್ತು. ಇದು ಯಾವಾಗ ಬಂತು? ಕೆಲವು ವಾರಗಳಿಂದ ಅವನು ಮಧ್ಯಾಹ್ನ ಎರಡು ಗಂಟೆ ಮಾಯವಾಗುತ್ತಿದ್ದ. ಎಲ್ಲಿಗೆ ಎಂದರೆ "ಇಲ್ಲೇ" ಎನ್ನುತ್ತಿದ್ದ. ಮಾತಾಡುವಾಗ ಅಂಗೈಯನ್ನು ಬಾಯಿಗೆ ಅಡ್ಡ ಹಿಡಿಯುತ್ತಿದ್ದ. ಸುಳ್ಳು ಹೇಳುವವರು ಹಾಗೆ ಮಾಡುತ್ತಾರೆ ಎಂದು ಉಸಿರಣ್ಣ ಎಲ್ಲಿಯೋ ಓದಿದ್ದರು. ಅವರು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯತೊಡಗಿದರು. ಕಬ್ಬಿಣದ ಬೀರುವಿಗೆ ಬೀಗ ಬಂತು. ಕಂಪ್ಯೂಟರಿನ ಗುಟ್ಟಿನ ಅಕ್ಷರಗಳನ್ನು ಬದಲಾಯಿಸಿ, ಭಾವಮೈದುನ ಕೆಲಸಕ್ಕೆ ಕೂರುವಾಗ ತಾವೇ ಹೋಗಿ ತೆರೆದುಕೊಡುತ್ತಿದ್ದರು. ನೀರು ಕುಡಿಯುವ ನೆಪದಲ್ಲಿ ಅವನ ಬೆನ್ನ ಹಿಂದೆ ಹಾದುಹೋಗುತ್ತಿದ್ದರು.

"ಭಾವ, ಇವತ್ತು ಬಾಯಾರಿಕೆ ಜಾಸ್ತಿ" ಎಂದ ಅವನು, ಪರದೆಯಿಂದ ಕಣ್ಣು ತೆಗೆಯದೆ.

"ಸೆಖೆ."

"ಹೌದೌದು. ನನ್ನ ಕುರ್ಚಿ ಹಿಂದೆನೇ ಸೆಖೆ."

ಮನೆಯಲ್ಲಿ ಹೆಂಡತಿಗೂ ವಾಸನೆ ಬಡಿಯಿತು. ಊಟಕ್ಕೆ ಕೂತಾಗ ಆಕೆ ಕೇಳಿದರು, "ರೀ, ಅವನ ಮೇಲೆ ಏನಾದ್ರೂ ಇಟ್ಕೊಂಡಿದೀರಾ?"

"ನಾನೇನಂದೆ?"

"ಏನೂ ಅನ್ಲಿಲ್ಲ. ಅದಕ್ಕೇ ಕೇಳ್ದೆ. ಅವನು ತಟ್ಟೆ ಹತ್ರ ಕೈ ಚಾಚಿದ್ರೆ ನೀವು ಅವನ ಕೈ ನೋಡ್ತೀರಿ."

"ನಿನ್ನ ತಮ್ಮ ಮಧ್ಯಾಹ್ನ ಎಲ್ಲಿಗೆ ಹೋಗ್ತಾನೆ, ಗೊತ್ತಾ?"

ಆಕೆಗೆ ಗೊತ್ತಿತ್ತು. ಹೇಳುವುದಿಲ್ಲ ಎಂದು ತಮ್ಮನಿಗೆ ಮಾತು ಕೊಟ್ಟಿದ್ದರಿಂದ ಬಾಯಿ ಮುಚ್ಚಿಕೊಂಡರು. ಆ ಮೌನವನ್ನೂ ಉಸಿರಣ್ಣ ಸಾಕ್ಷಿಯ ಲೆಕ್ಕಕ್ಕೆ ಸೇರಿಸಿದರು. ಅಕ್ಕ ತಮ್ಮ ಇಬ್ಬರೂ ಒಂದಾಗಿದ್ದಾರೆ ಎಂದು ಅಂದಿನಿಂದ ಅವರಿಗೆ ಮನೆಯ ಚಹಾವೂ ರುಚಿಸಲಿಲ್ಲ.

ಈ ನಡುವೆ ಗುಸುಗುಸು ಹರಡಿತು. ಪಿಟೀಲಿನವರು ಗೊತ್ತುಮಾಡಿದ್ದ ದಿನವನ್ನು ಮುಂದಕ್ಕೆ ಹಾಕಿದರು. ಒಬ್ಬ ನಟಿ ಬಂದು, ಕ್ಯಾಮೆರಾದೊಳಗಿನ ಮೆಮೊರಿ ಕಾರ್ಡನ್ನು ತಾನೇ ತೆಗೆದುಕೊಂಡು ಹೋಗುತ್ತೇನೆ ಎಂದಳು. ಕೊಳಲಿನವರು ರಸ್ತೆಯಲ್ಲಿ ಸಿಕ್ಕಿ, "ಏನು ಉಸಿರಣ್ಣ, ನಿಮ್ಮಲ್ಲೂ ಹೀಗಾ?" ಎಂದು ನಕ್ಕು ಹೋದರು. ಆ ನಗುವಿನ ಸಂಕಟಕ್ಕೆ ಉಸಿರಣ್ಣ ನೇರವಾಗಿ ಒಳಕೋಣೆಗೆ ಹೋಗಿ ನಿಂತರು.

"ನಿನ್ನ ಫೋನ್ ಕೊಡು, ನೋಡ್ಬೇಕು."

ಭಾವಮೈದುನ ನಿಧಾನಕ್ಕೆ ತಿರುಗಿದ. ಫೋನನ್ನು ಮೇಜಿನ ಮೇಲಿಟ್ಟ. ಉಸಿರಣ್ಣ ಅದರಲ್ಲಿದ್ದ ಫೋಟೋಗಳನ್ನೆಲ್ಲ ನೋಡಿದರು. ಮಕ್ಕಳು, ಬೆಕ್ಕು, ಮನೆಯ ಸೋರುವ ನಲ್ಲಿ. ಬೇರೇನೂ ಇರಲಿಲ್ಲ.

"ಅಳಿಸಿರ್ಬಹುದು" ಎಂದರು.

"ಅಳಿಸಿರ್ಬಹುದು" ಎಂದ ಅವನೂ. "ಭಾವ, ಸಿಕ್ಕಿದ್ರೂ ಕಳ್ಳ, ಸಿಗದಿದ್ರೂ ಕಳ್ಳ ಅಂದ ಮೇಲೆ ನಾನು ಇಲ್ಲಿ ಯಾಕೆ ಕೂತಿರ್ಬೇಕು?" ಚಪ್ಪಲಿ ಮೆಟ್ಟಿಕೊಂಡು ಇಳಿದು ಹೋದ. ಮಾರ್ಕೆಟ್ಟಿನ ಹಿಂದಿನ ಒಂದು ಪಾಸ್‌ಪೋರ್ಟ್ ಫೋಟೋ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ್ದಾನೆ ಎಂದು ಸೈಕಲ್ ಅಂಗಡಿಯವನಿಂದ ತಿಳಿಯಿತು.

ಅವನು ಹೋದ ದಿನ ಸಂಜೆ ಉಸಿರಣ್ಣನ ಹೆಂಡತಿ ನನ್ನೊಡನೆ ಪ್ರಾರ್ಥನೆಗೆ ಬಂದರು. ವಾಪಸು ಬರುವಾಗ, "ದೇವರ ಮುಂದೆ ಕೂತ್ರೂ ಯಾರ ಪರವಾಗಿ ಬೇಡ್ಕೋಬೇಕು ಅಂತ ಗೊತ್ತಾಗ್ಲಿಲ್ಲ" ಎಂದರು. ಇಬ್ಬರ ಪರವಾಗಿಯೂ ಬೇಡಬಹುದಲ್ಲ ಎಂದು ನನಗೆ ಅನಿಸಿತು.

ಭಾವಮೈದುನ ಕೆಲಸ ಬಿಟ್ಟು ಹೋದ ಸುದ್ದಿ ಸೊಸೆಯ ಕಿವಿಗೂ ಮುಟ್ಟಿತು. ಅವರೇ ಫೋನ್ ಮಾಡಿದರು. ದನಿಯಲ್ಲಿ ಹಳೆಯ ಮೆತ್ತಗಿನ ಧಾಟಿ ಮರಳಿತ್ತು.

"ನೀವು ಅವನನ್ನ ಕಳಿಸಿಬಿಟ್ರಂತೆ. ನಮಗೆ ಅಷ್ಟು ಸಾಕು. ಯಾರಾದ್ರೂ ಕೇಳಿದ್ರೆ ನಾವೂ ಹಾಗೇ ಹೇಳ್ತೀವಿ, ಅವರದೇನೂ ತಪ್ಪಿಲ್ಲ, ಕೆಲಸದವನು ಹೀಗೆ ಮಾಡ್ದ ಅಂತ. ಕಛೇರಿಯವರಿಗೆ ಹೊಸ ಫೋಟೋ ಬೇಕಂತೆ. ಅತ್ತೆ ಮುಖ ಚೆನ್ನಾಗಿದೆ ಅಂತ ತೋರಿಸ್ಬೇಕು. ನಾಳೆ ಬೆಳಿಗ್ಗೆ ಬರ್ತೀವಿ."

ಉಸಿರಣ್ಣನ ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು. ಮಾರನೆಯ ದಿನಕ್ಕೆ ಕೋಣೆ ಗುಡಿಸಿದರು, ಬಿಳಿ ಬಟ್ಟೆ ಒಗೆದು ಕಟ್ಟಿದರು, ಬೆಳಕು ನೋಡಲು ಸ್ಟೂಲನ್ನು ಕಿಟಕಿಯ ಹತ್ತಿರಕ್ಕೆ ಎಳೆದರು. ಆಮೇಲೆ ಮೇಜಿನ ಖಾನೆಯಿಂದ ಬೂದು ಬಣ್ಣದ ರಟ್ಟಿನ ಕಾರ್ಡನ್ನು ತೆಗೆದರು.

ಆ ಕಾರ್ಡಿನ ಕೆಲಸವನ್ನು ಇಲ್ಲಿ ಹೇಳಬೇಕು. ಯಾರೇ ಬಂದು ಕೂತರೂ ಮೊದಲು ಅದನ್ನು ಅವರ ಕೈಗೆ ಕೊಟ್ಟು, ಗದ್ದದ ಕೆಳಗೆ ಹಿಡಿದುಕೊಳ್ಳಲು ಹೇಳಿ ಒಂದು ಕ್ಲಿಕ್ ಮಾಡುತ್ತಿದ್ದರು. ಬೂದು ಬಣ್ಣ ಸರಿಯಾಗಿ ಬೂದಾಗಿಯೇ ಬಂದರೆ ಆ ದಿನದ ಬೆಳಕಿನಲ್ಲಿ ಚರ್ಮದ ಬಣ್ಣವೂ ಸರಿ ಬರುತ್ತದೆ ಎಂದು ಲೆಕ್ಕ. ಆಗ ಕೂತವರು ಇನ್ನೂ ಸಿದ್ಧವಾಗಿರುವುದಿಲ್ಲ. ಆಕಳಿಸುತ್ತಿರುತ್ತಾರೆ, ಗೋಡೆ ನೋಡುತ್ತಿರುತ್ತಾರೆ. ಅದನ್ನು ಉಸಿರಣ್ಣ ಫೋಟೋ ಎಂದೇ ಎಣಿಸುತ್ತಿರಲಿಲ್ಲ. ಕೂತವರಿಗೆ ತೋರಿಸುತ್ತಿರಲಿಲ್ಲ, ಅಳಿಸುವಾಗ ಲೆಕ್ಕಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ. ಅದು ಬಣ್ಣದ ಅಳತೆ, ಅಷ್ಟೇ.

ಕಾರ್ಡನ್ನು ಕೈಯಲ್ಲಿ ಹಿಡಿದು ಕಿಟಕಿಯ ಬೆಳಕಿಗೆ ತಿರುಗಿಸುತ್ತಿದ್ದಾಗ ಅವರ ಕೈ ಹಾಗೇ ನಿಂತಿತು. ಮೇಜಿನ ಕೆಳಗೆ ಮಡಚಿ ಬಿಸಾಡಿದ್ದ ವಾರಪತ್ರಿಕೆಯನ್ನು ಎಳೆದುಕೊಂಡು ನೋಡಿದರು. ಗಾಯಕಿಯ ಗದ್ದದ ಕೆಳಗೆ, ಫೋಟೋವನ್ನು ಕತ್ತರಿಸಿದ ಅಂಚಿನಲ್ಲಿ, ಬೂದು ಬಣ್ಣದ ಒಂದು ಪಟ್ಟಿ. ಶಾಲಿನ ಅಂಚು ಎಂದು ಎಲ್ಲರೂ ಅಂದುಕೊಂಡಿದ್ದರು. ಆ ದಿನ ಆಕೆ ಹೊದ್ದದ್ದು ಕೆಂಪು ಶಾಲು.

ಅಳತೆಯ ಆ ಫೋಟೋವನ್ನು ದೊಡ್ಡದಾಗಿ ಅಚ್ಚುಮಾಡಿ, ಇದಕ್ಕೆ ಹೊಂದಿಸಿ ಬಣ್ಣ ಕೊಡಿ ಎಂದು ಆಲ್ಬಮ್ಮಿನ ಹೊದಿಕೆ ಮುದ್ರಿಸುವ ಪ್ರೆಸ್ಸಿಗೆ ಅವರು ತಾವೇ ಕೊಂಡೊಯ್ದು ಕೊಡುತ್ತಿದ್ದರು. ಪ್ರತಿ ಸಲವೂ. ಬೇರೆ ಯಾರನ್ನೂ ನಂಬುತ್ತಿರಲಿಲ್ಲ.

ಪ್ರೆಸ್ಸಿಗೆ ಹೋದರು. ಯಂತ್ರದ ಪಕ್ಕದ ಗೋಡೆಯ ಮೇಲೆ, ಬಲ್ಬಿನ ಕೆಳಗೆ, ಗಾಯಕಿ ಕಾರ್ಡು ಹಿಡಿದುಕೊಂಡು ಬಾಯಿ ಸೊಟ್ಟಗೆ ಮಾಡಿ ಕೂತಿದ್ದರು. ಸುತ್ತ ಇನ್ನೂ ಎಷ್ಟೋ ಮುಖಗಳು, ಎಲ್ಲರ ಗದ್ದದ ಕೆಳಗೂ ಬೂದು ಕಾರ್ಡು, ಎಲ್ಲವೂ ಉಸಿರಣ್ಣನವೇ. ಒಬ್ಬ ನಟ ಮೂಗಿನಲ್ಲಿ ಬೆರಳಿಟ್ಟುಕೊಂಡಿದ್ದ.

"ಇವನ್ನ ಇಲ್ಲಿ ಯಾಕೆ ಅಂಟಿಸಿದೀರಿ?"

ಪ್ರೆಸ್ಸಿನ ಮೇಸ್ತ್ರಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಬಣ್ಣ ನೋಡೋಕೆ, ಸ್ವಾಮಿ. ನೀವೇ ಕೊಟ್ಟಿದ್ದಲ್ವಾ?"

"ಇಲ್ಲಿಗೆ ಹೊರಗಿನವರು ಬರ್ತಾರಾ?"

"ಬರ್ದೇ ಇರ್ತಾರಾ? ಕರೆಯೋಲೆ ಮಾಡಿಸೋರು, ಕ್ಯಾಲೆಂಡರ್ ಮಾಡಿಸೋರು, ಪೇಪರಿನೋರು. ಇಲ್ಲೇ ನಿಂತು ಕಾಯ್ತಾರೆ. ಯಾಕೆ, ಏನಾಯ್ತು?"

ಏನೂ ಇಲ್ಲ ಎಂದು ಉಸಿರಣ್ಣ ಒಂದೊಂದಾಗಿ ಫೋಟೋಗಳನ್ನು ಗೋಡೆಯಿಂದ ಕಿತ್ತರು. ಫೋನಿನಲ್ಲಿ ಹೊಡೆದುಕೊಂಡವರು ಯಾರು ಎಂಬುದು ಇಂದಿಗೂ ತಿಳಿದಿಲ್ಲ. ತಿಳಿಯಬೇಕೆಂದು ಅವರು ಆಮೇಲೆ ಯಾರನ್ನೂ ಕೇಳಲೂ ಇಲ್ಲ.

ಮನೆಗೆ ಬಂದು ಹೆಂಡತಿಗೆ ಎಲ್ಲವನ್ನೂ ಹೇಳಿದರು. ಆಕೆ ಕೂಗಾಡಲಿಲ್ಲ. ಪಾತ್ರೆ ಒರೆಸುತ್ತಾ ಹೇಳಿದರು, "ಮಧ್ಯಾಹ್ನ ಅವನು ಹಲ್ಲಿನ ಡಾಕ್ಟ್ರ ಹತ್ರ ಹೋಗ್ತಿದ್ದ. ಮುಂದಿನ ಹಲ್ಲು ಮುರ್ದಿತ್ತು. ಕಟ್ಟಿಸ್ಕೊಳ್ಳೋವರೆಗೆ ಭಾವನಿಗೆ ಹೇಳ್ಬೇಡಕ್ಕ, ಬಂದೋರ ಮುಂದೆಲ್ಲ ಹೇಳಿ ನಗ್ತಾರೆ ಅಂದಿದ್ದ. ದಿನಾ ಎದುರಿಗಿದ್ದ. ಬಾಯಿಗೆ ಕೈ ಇಟ್ಕೊಂಡೇ ಮಾತಾಡ್ತಿದ್ದ. ನಿಮಗೆ ಕಾಣ್ಲೇ ಇಲ್ವಾ?"

ಉಸಿರಣ್ಣ ಕಿತ್ತು ತಂದ ಫೋಟೋಗಳನ್ನು ಒಂದರ ಮೇಲೊಂದು ಜೋಡಿಸಿದರು.

"ಈಗೇನು ಮಾಡ್ತೀರಿ? ನಾಳೆ ಅವರು ಬರ್ತಾರಲ್ಲ?" ಎಂದು ಹೆಂಡತಿ ಕೇಳಿದರು.

ಮಾಡಬೇಕಾದದ್ದು ಏನೂ ಇರಲಿಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ಸಾಕಾಗಿತ್ತು. ಗಾಯಕಿ ಬಂದು ಕೂರುತ್ತಿದ್ದರು, ಪಿಟೀಲಿನವರು ಮತ್ತೆ ದಿನ ಗೊತ್ತು ಮಾಡುತ್ತಿದ್ದರು, ಕಳ್ಳ ಅನ್ನಿಸಿಕೊಂಡವನು ಮಾರ್ಕೆಟ್ಟಿನ ಹಿಂದೆ ಪಾಸ್‌ಪೋರ್ಟ್ ಫೋಟೋ ತಿದ್ದಿಕೊಂಡಿರುತ್ತಿದ್ದ. ಬಾಯಿ ಬಿಟ್ಟರೆ ಹೋಗುವುದು ತಮ್ಮ ಹೆಸರು. ಗಂಡ ನಿಜ ಹೇಳಿಯಾರೆಂದು ತಮಗೂ ನಂಬಿಕೆ ಇರಲಿಲ್ಲ ಎಂದು ಅವರ ಹೆಂಡತಿ ಆಮೇಲೆ ನನ್ನೊಡನೆ ಒಪ್ಪಿಕೊಂಡರು.

ಬೆಳಿಗ್ಗೆ ಅವರು ಬರುವವರೆಗೆ ಕಾಯದೆ ಉಸಿರಣ್ಣ ತಾವೇ ಗಾಯಕಿಯ ಮನೆಗೆ ಹೋದರು. ಪ್ರೆಸ್ಸಿನಿಂದ ಕಿತ್ತು ತಂದ ಫೋಟೋವನ್ನು ಮೇಜಿನ ಮೇಲಿಟ್ಟು ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಸೊಸೆಯ ಮುಖ ಗಂಟಾಯಿತು.

"ಅವನನ್ನ ಉಳಿಸ್ಕೊಳ್ಳೋಕೆ ಈಗ ಹೊಸ ಕಥೆ ಕಟ್ತಿದೀರಾ?"

"ಕಥೆ ಕಟ್ಟೋದಿದ್ರೆ ನನ್ನನ್ನ ಉಳಿಸ್ಕೊಳ್ಳೋ ಕಥೆ ಕಟ್ತಿದ್ದೆ, ತಾಯಿ."

ಗಾಯಕಿ ಫೋಟೋವನ್ನು ಎತ್ತಿಕೊಂಡು ಬಹಳ ಹೊತ್ತು ನೋಡಿದರು. "ಇಂಥದ್ದನ್ನ ಪ್ರತಿ ಸಲ ತೆಗೀತಿದ್ಯಾ?"

"ಪ್ರತಿ ಸಲ, ಅಕ್ಕ. ಬಣ್ಣಕ್ಕೆ."

"ನನ್ನ ಬಾಯಿ ಹೀಗಿತ್ತು ಅಂತ ನಿನಗೆ ಕಾಣ್ಲಿಲ್ಲ?"

"ಕಾರ್ಡು ನೋಡ್ತಿದ್ದೆ, ಅಕ್ಕ. ಮುಖ ನೋಡ್ಲಿಲ್ಲ."

ಗಾಯಕಿ ಫೋಟೋವನ್ನು ಮಗುಚಿ ಇಟ್ಟರು. "ನಾನೇ ಪೇಪರಿಗೆ ಕೊಟ್ಟೆ ಅಂತ ನೀನು ಅಂದಿದ್ರೆ ಬೈದು ಮರೀತಿದ್ದೆನೇನೋ. ಇಷ್ಟು ವರ್ಷ ನೀನು ನನ್ನನ್ನ ನೋಡ್ತಿದೀಯ ಅಂದ್ಕೊಂಡು ಕೂತಿದ್ದೆ, ತಮ್ಮ." ಆ ದಿನ ಫೋಟೋ ಬೇಡ ಎಂದರು. ಮುಂದೆ ಯಾವಾಗ ಎಂದು ಇವರು ಕೇಳಲಿಲ್ಲ, ಅವರೂ ಹೇಳಲಿಲ್ಲ. ಸೊಸೆ ಬಾಗಿಲವರೆಗೆ ಬಂದದ್ದು ಬೀಳ್ಕೊಡಲೋ, ಹೋದದ್ದನ್ನು ಖಚಿತ ಮಾಡಿಕೊಳ್ಳಲೋ ತಿಳಿಯಲಿಲ್ಲ.

ಅಲ್ಲಿಂದ ಉಸಿರಣ್ಣ ಮಾರ್ಕೆಟ್ಟಿನ ಹಿಂದಿನ ಅಂಗಡಿಗೆ ನಡೆದರು. ಚಿಕ್ಕ ಅಂಗಡಿ, ನೀಲಿ ಪರದೆ, ಬಾಗಿಲ ಪಕ್ಕ ಒಂದು ಬೆಂಚು. ಭಾವಮೈದುನ ಒಬ್ಬ ಹೆಂಗಸಿಗೆ ಕಾಲರು ಸರಿಮಾಡಿಕೊಳ್ಳಲು ಹೇಳುತ್ತಿದ್ದ. ಇವರನ್ನು ಕಂಡು ಕೆಲಸ ನಿಲ್ಲಿಸಲಿಲ್ಲ. ಗಿರಾಕಿಗಳು ಕೇಳಿಸಿಕೊಳ್ಳುತ್ತಿದ್ದರೂ ಉಸಿರಣ್ಣ ಅಲ್ಲೇ ನಿಂತು ಹೇಳಿದರು: ಕಾರ್ಡು, ಪ್ರೆಸ್ಸು, ಗೋಡೆ, ಗಾಯಕಿಯ ಮನೆ.

ಭಾವಮೈದುನ ಎಲ್ಲವನ್ನೂ ಕೇಳಿಸಿಕೊಂಡ. ಬಾಯಿಗೆ ಕೈ ಅಡ್ಡ ಇಡದೆ ಕೇಳಿದ, "ಭಾವ, ಒಂದು ಹೇಳಿ. ಇವನು ಮಾಡಿರಲ್ಲ ಅಂತ ನಿಮಗೆ ಅನ್ನಿಸಿ ಬಂದ್ರಾ, ಮಾಡಿಲ್ಲ ಅಂತ ಗೊತ್ತಾಗಿ ಬಂದ್ರಾ?"

ಚೆನ್ನಾಗಿರುವ ಉತ್ತರ ಯಾವುದೆಂದು ಉಸಿರಣ್ಣನಿಗೆ ಗೊತ್ತಿತ್ತು.

"ಗೊತ್ತಾಗಿ ಬಂದೆ" ಎಂದರು. "ಗೊತ್ತಾಗೋವರೆಗೆ ನೀನೇ ಅಂದ್ಕೊಂಡಿದ್ದೆ."

ಸ್ಟೂಲಿನ ಮೇಲಿದ್ದ ಹೆಂಗಸು ಒಮ್ಮೆ ಇವನನ್ನು, ಒಮ್ಮೆ ಅವರನ್ನು ನೋಡಿ, "ನಾನು ಆಮೇಲೆ ಬರ್ಲಾ?" ಎಂದಳು.

"ಬೇಡ, ಕೂತ್ಕೊಳ್ಳಿ" ಎಂದ ಭಾವಮೈದುನ. ಅವಳ ಫೋಟೋ ತೆಗೆದ. ಪರದೆಯ ಮೇಲೆ ಅದನ್ನು ನೋಡಿದ, ಸರಿಯಿಲ್ಲವೆಂದು ಇನ್ನೊಂದು ತೆಗೆದ. ಆಮೇಲೆ ಭಾವನ ಕಡೆ ತಿರುಗದೆಯೇ, "ಹೊರಗೆ ಇನ್ನೂ ಮೂವರಿದ್ದಾರೆ. ಮುಗಿಯೋವರೆಗೆ ಕಾಯ್ತೀರಾದ್ರೆ ಕಾಯಿರಿ" ಎಂದ.

ಮುಗಿದ ಮೇಲೆ ಏನು, ಜೊತೆಗೆ ಬರುತ್ತಾನೋ ಬೈದು ಕಳಿಸುತ್ತಾನೋ, ಆ ದನಿಯಿಂದ ಗೊತ್ತಾಗಲಿಲ್ಲ. ಉಸಿರಣ್ಣ ಬೆಂಚಿನ ತುದಿಯಲ್ಲಿ, ಮೂವರು ಗಿರಾಕಿಗಳ ಪಕ್ಕ, ಜಾಗ ಮಾಡಿಕೊಂಡು ಕೂತರು.